ಖಾಲಿ ಮನಿ ಸಪ್ಪಳ

ನಾಲ್ಕು ಕತಿ, ನಾಲ್ಕು ಮಂದಿ ಡೈರೆಕ್ಟರು, ಕ್ಯಾಮೆರಾ ಒಂದ.
ಅದೂ ಹುಬ್ಬಳ್ಳಿಯ ಮದುವಿ ಫೋಟೋದವನದು,
ಮುಹೂರ್ತ ಇದ್ದ ದಿನ ನಮ್ಮ ದೆವ್ವಕ್ಕ ಸೂಟಿ.
ಸಪ್ಪಳ ಹಿಡಿಯೋ ಕೆಲಸ ನಂದು.

ಮೊದಲಿನ ಕತಿಗೆ ಮನಿ ಸಿಕ್ಕದ್ದು ಬೆಟಗೇರಿಯೊಳಗ,
ನಮ್ಮ ಓಣಿ ದಾಟಿ, ನೂಲಿಗೆ ಬಣ್ಣ ಹಾಕೋ ಭಟ್ಟಿ ಹಿಂದ.
ಹದಿನಾಲ್ಕು ವರ್ಷದಿಂದ ಕೀಲಿ.
ಮಾಲಕಿ ಗುರಸಿದ್ದವ್ವ ಬಾಡಿಗಿ ಕೇಳಲಿಲ್ಲ.
"ಒಳಗಿಂದು ಏನೂ ಹೊರಗ ಒಯ್ಯಬ್ಯಾಡ್ರಿ" ಅಂದ್ಳು,
"ಮೊಳಿ ಸೈತ."

ಫಕ್ಕೀರೇಶ ನನ್ನ ಮಾರಿ ನೋಡಿದ.
ಅವ ಬರದ ಕತಿನೂ ಅದ:
ಆ ಮನಿಯಿಂದ ಏನರ ಒಯ್ದ್ರ
ಒಯ್ದವರ ಮನ್ಯಾಗ ಆ ಮನಿ ಬಂದು ಕುಂದರತೈತಿ.
ಸಕ್ಕರಿ ಇಸಗೊಂಡ ವಾಟಿ ತಿರುಗಿ ಕೊಡೂದು ಮರತ ನೆರಮನಿಯಾಕಿ,
ಆಕಿ ಕಡಿಂದ ಒಂದು ಕೌದಿ ಧಾರವಾಡಕ್ಕ,
ಸಪ್ತಾಪುರದಾಗ ಪರೀಕ್ಷಾಕ್ಕ ಓದೋ ಹುಡುಗ್ಯಾರ ಖೋಲಿಗೆ,
ಅಲ್ಲಿಂದ ಮುಂದ ಬರಿಯೂದರಾಗ ರೊಕ್ಕ ಮುಗದಿತ್ತು,
ಅದಕ್ಕ ನಾಲ್ಕನೇದು ಒಂದು ಲಾಡ್ಜು, ಒಬ್ಬ ನಟ, ಒಂದು ಬಾಗಿಲು.

ಶೂಟಿಂಗ್ ಮುಗದ ಮ್ಯಾಲ ಎಲ್ಲಾರನ್ನೂ ಹೊರಗ ಹಾಕಿ
ಖಾಲಿ ಖೋಲಿ ಸಪ್ಪಳ ಒಂದು ನಿಮಿಷ ಹಿಡೀಬೇಕು.
ಮಾತಿನ ನಡುವ ತೂತು ಬಿದ್ದಲ್ಲಿ ತ್ಯಾಪಿ ಹಚ್ಚಾಕ ಬರತೈತಿ.
ಖಾಲಿಗೂ ಒಂದು ಸಪ್ಪಳ ಇರತೈತಿ, ಖೋಲಿಗೊಂದು ಥರ,
ಬಿಳಿ ನೂಲು ಅಂದ್ರೂ ಎಲ್ಲಾ ಬಿಳುಪು ಒಂದ ಅಲ್ಲ.
ಪವರ್‌ಲೂಮಿನ ಮನ್ಯಾಗ ಹುಟ್ಟಿದಾಕಿ ನಾನು.
ಮಗ್ಗ ಬಡಿಯೂ ತನಕ ನಿದ್ದಿ,
ಕರೆಂಟು ಹೋಗಿ ಅದು ನಿಂತ್ರ ಎಚ್ಚರ.

ಉಸರು ಹಿಡಕೊಂಡು ನಿಂತೆ.
ಗೋಡಿ ಮ್ಯಾಲ ಗಡಿಯಾರ ಇದ್ದಲ್ಲಿ ಅದರ ದುಂಡನ ಕಲಿ.
ಅರವತ್ತು ಸೆಕೆಂಡು.

ಹುಬ್ಬಳ್ಳಿ ಮನಿಯಾಗ ಹತ್ತು ನಿಮಿಷಕ್ಕೊಂದು ರೈಲು.
ಸಪ್ತಾಪುರದಾಗ ಬಾಜೂ ಖೋಲಿ ಹುಡುಗ ಒಂದ ಸವನ
ಪಾಣಿಪತ್ ಯುದ್ಧ ಬಾಯಿಪಾಠ.
ಲಾಡ್ಜಿನ ನಳ ಸೋರೂದು ನಿಲ್ಲಲಿಲ್ಲ.
ಹಿಂಗಾಗಿ ನಾಲ್ಕೂ ಕತಿಗೆ
ಬೆಟಗೇರಿಯ ಆ ಒಂದು ನಿಮಿಷಾನ ಹಾಸಿದೆ,
ಚಾದರದ ಕೆಳಗ ಚಾಪಿ ಹಾಸಿದಂಗ.

ಎಡಿಟ್ ಮಾಡತಾ ಕೂತಾಗ ಕೇಳಿದ್ದು:
ನಲವತ್ಮೂರನೇ ಸೆಕೆಂಡಿಗೆ
ಯಾರೋ ಉಸರು ಒಳಗ ತಗೋತಾರ.
ಅಂಜಸೂ ಉಸರಲ್ಲ. ಮಾತಾಡಾಕ ಬಾಯಿ ತೆಗೆಯೂ ಮುಂದಿಂದು.
ತಗೀಬಹುದಿತ್ತು.
ಚಂದ ಇತ್ತು. ಬಿಟ್ಟೆ.

ಗದಗಿನ ಒಂದು ಟ್ಯೂಷನ್ ಕ್ಲಾಸಿನ ಹಾಲಿನಾಗ ತೋರಿಸಿದ್ವಿ.
ಐವತ್ತು ಖುರ್ಚಿ, ಮೂವತ್ತೊಂದು ಮಂದಿ.
ದೆವ್ವ ಬಂದಾಗ ನಕ್ರು, ಇಮಾಮಸಾಬನ ಮೀಸಿಗೆ
ಮೈದಾ ಹಿಟ್ಟು ಸರಿಯಾಗಿ ಹತ್ತಿರಲಿಲ್ಲ.
ಯಾರೂ ಇಲ್ಲದ ಶಾಟ್ ಬಂದಾಗ ನಗಿ ನಿಂತಿತು.

ಆಮ್ಯಾಲ ಫೋನಿಂದ ಫೋನಿಗೆ ಹೋತು.
ಮುಂಡರಗಿಯಿಂದ ಒಬ್ಬಾಕಿ: "ದೆವ್ವ ಸುಮಾರ ಐತ್ರಿ.
ಆದ್ರ ಪಿಚ್ಚರ್ ಮುಗದು ವಾರ ಆತು, ಅಡಗಿಮನ್ಯಾಗ
ಯಾರೋ ಏನೋ ಹೇಳಾಕ ಹೊಂಟಂಗ ಆಗತೈತಿ,
ಇದನ್ನ ಹೆಂಗ ಮಾಡಿದ್ರಿ?"
ಸವಣೂರಿಂದ ಅದ ಮಾತು. ಅಣ್ಣಿಗೇರಿಯಿಂದ, ಎರಡು ಮನ್ಯಾಗಿಂದ.
ಫಕ್ಕೀರೇಶಗ ಖುಷಿ.

ಮೊಳಿ ಒಯ್ದಿರಲಿಲ್ಲ.
ವಾಟಿ ನಮ್ಮ ಮನೀದು, ಕೌದಿ ಫಕ್ಕೀರೇಶನ ಅಜ್ಜೀದು.

ನಿನ್ನೆ ಕೀಲಿ ಇಸಗೊಂಡು ಮತ್ತ ಹೋದೆ.
ಮೈಕು ಇಟ್ಟೆ, ಹೆಡ್‌ಫೋನು ಹಾಕೊಂಡೆ, ಉಸರು ಹಿಡಿದೆ.
ಮುಳ್ಳು ಅಳ್ಳಾಡಲಿಲ್ಲ.
ಖಾಲಿ ಸಪ್ಪಳ ಸೈತ ಇಲ್ಲ ಈಗ ಆ ಮನ್ಯಾಗ.

ಗುರಸಿದ್ದವ್ವ ಜೋಳ ಹಸನ ಮಾಡಾಕತ್ತಿದ್ಳು.
ಕೀಲಿ ತಗೊಂಡು, ಮರದಾಗಿನ ಹಳ್ಳು ಆರಸತಾ,
ತಲಿ ಎತ್ತದ ಕೇಳಿದ್ಳು:
"ಏನ್ ಒಯ್ದಿ, ತಂಗಿ?"

ರಾತ್ರಿ ಕರೆಂಟು ಹೋದ್ರ ಮಗ್ಗ ನಿಂದರತೈತಿ,
ನನಗ ಎಚ್ಚರಾಗತೈತಿ.
ಕತ್ತಲದಾಗ ಎಣಸತೀನಿ.
ನಲವತ್ತೆರಡಕ್ಕ ಒಂದು ತಾಟು ಕೈಬಿಡತೀನಿ.
ಒಳಗಿಂದ ಅವ್ವ ಬೈತಾಳ.
ಬೈಲಿ.